ಸಹಾಯ ಬೇಕು: ಆಕ್ಟಿವ್ ಪಿಕಪ್ ಹಾಕಿಸಲಾ, ಪ್ಯಾಸಿವ್‌ನಲ್ಲೇ ಇರಲಾ?

ಎಲ್ರಿಗೂ ನಮಸ್ಕಾರ. ಎರಡು ಹಂಬಕರ್ (ಜೋಡಿ ಸುರುಳಿಯ ಪಿಕಪ್, ಅಂದ್ರೆ ತಂತಿಯ ಕಂಪನ ಹಿಡಿಯೋ ಭಾಗ) ಇರೋ ಹಳೇ ಎಲೆಕ್ಟ್ರಿಕ್ ಗಿಟಾರ್ ನನ್ನದು. ಬ್ರಿಡ್ಜ್ ಪಿಕಪ್ (ಗಿಟಾರಿನ ಕತ್ತಿನಿಂದ ದೂರದ್ದು) ಬದಲಾಯಿಸಬೇಕು. ಬ್ಯಾಟರಿಯಲ್ಲಿ ನಡೆಯೋ ಆಕ್ಟಿವ್ ಇಎಂಜಿ 81 ಹಾಕಿಸೋದಾ, ಸೆಮೋರ್ ಡಂಕನ್ ಜೆಬಿ ಥರದ, ಬ್ಯಾಟರಿ ಬೇಡದ ಪ್ಯಾಸಿವ್ ಸಾಕಾ ಅಂತ ತಲೆ ಕೆಟ್ಟು ಹೋಗಿದೆ.

ನಾವು ನುಡಿಸೋದು ಹೆಚ್ಚಾಗಿ ಗಣೇಶನ ಪೆಂಡಾಲಲ್ಲಿ, ಕಾಲೇಜು ಫೆಸ್ಟಲ್ಲಿ. ಪಕ್ಕದಲ್ಲೇ ಸೀರಿಯಲ್ ಸೆಟ್ಟು, ಜನರೇಟರು. ಡಿಸ್ಟಾರ್ಶನ್ ಒತ್ತಿದ್ರೆ ಸಾಕು, ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಗುಂಯ್! ತಂತಿ ಮುಟ್ಟಿದ್ರೆ ಸದ್ದು ತಗ್ಗುತ್ತೆ, ಕೈ ತೆಗೆದ್ರೆ ಮತ್ತೆ ಶುರು. ಹಾಗಾದ್ರೆ ಇದು ಪಿಕಪ್ಪಿನ ತಪ್ಪೋ, ಒಳಗೆ ಶೀಲ್ಡಿಂಗ್ (ಹೊರಗಿನ ಗಲಾಟೆ ತಡೆಯೋ ಲೋಹದ ಹೊದಿಕೆ) ಇಲ್ಲದ್ದೋ? ಮೊದಲು ತಾಮ್ರದ ಟೇಪ್ ಅಂಟಿಸಿ ನೋಡ್ಲಾ?

ಆಕ್ಟಿವ್‌ನಲ್ಲಿ ಪಿಕಪ್ ಒಳಗೇ ಪ್ರಿಆಂಪ್ (ಸಿಗ್ನಲ್ ಬಲಪಡಿಸೋ ಪುಟ್ಟ ಸರ್ಕ್ಯೂಟ್) ಇರೋದ್ರಿಂದ ಗಲಾಟೆ ಕಡಿಮೆ, ಉದ್ದ ಕೇಬಲ್ಲಿಗೂ ಟ್ರೆಬಲ್ ಮಂಕಾಗಲ್ಲ. ಅದು ಸರಿ. ಆದ್ರೆ ವಾಲ್ಯೂಮ್ ಇಳಿಸಿ ಕ್ಲೀನ್ ನುಡಿಸೋ ಚಟ ನನಗೆ. ಗೆಳೆಯನ ಗಿಟಾರಿಗೆ ಅಂಗಡಿಯವರು ಆಕ್ಟಿವ್ ಹಾಕಿ, ಹಳೇ 500ಕೆ (ಕಿಲೋ ಓಮ್) ಪಾಟ್‌ಗಳನ್ನೇ, ಅಂದ್ರೆ ವಾಲ್ಯೂಮ್, ಟೋನ್ ಗುಂಡಿಯ ಕೆಳಗಿನ ರೆಸಿಸ್ಟರ್‌ಗಳನ್ನೇ ಬಿಟ್ಟಿದ್ರು, 25ಕೆ ಇರಬೇಕಿತ್ತು. ವಾಲ್ಯೂಮ್ ತಿರುಗಿಸಿದ್ರೆ ಲೈಟಿನ ಸ್ವಿಚ್ಚಿನ ಥರ, ಇದ್ರೆ ಪೂರ್ತಿ, ಇಲ್ಲಾಂದ್ರೆ ಇಲ್ಲ. ಸಾಲದ್ದಕ್ಕೆ ಅವನು ಕೇಬಲ್ ಸಿಕ್ಕಿಸಿಟ್ಟೇ ಮಲಗಿ, ಕಾರ್ಯಕ್ರಮದ ದಿನ ಬ್ಯಾಟರಿ ಖಾಲಿ.

ಬಳಸಿದವರು ಹೇಳಿ: ಪಾಟ್ ಸರಿ ಇದ್ರೂ ಇಎಂಜಿಯಲ್ಲಿ ಕ್ಲೀನ್ ಟೋನ್ ಚಪ್ಪೆ ಅನ್ನಿಸುತ್ತಾ? ನೆಕ್ ಪಿಕಪ್ ಪ್ಯಾಸಿವ್ ಇಟ್ಕೊಂಡು ಬ್ರಿಡ್ಜ್ ಮಾತ್ರ ಆಕ್ಟಿವ್ ಮಾಡಿದವರಿದ್ದೀರಾ, ಪಾಟ್ ಯಾವುದು ಹಾಕಿದ್ರಿ? ನನ್ನ ಗಿಟಾರಿನ ಹಿಂಬದಿ ಗೂಡಲ್ಲಿ 9 ವೋಲ್ಟ್ ಬ್ಯಾಟರಿಗೆ ಜಾಗ ಇಲ್ಲ, ಮರ ಕೊರೆಸೋಕೆ ಮನಸ್ಸು ಬರ್ತಿಲ್ಲ.