ಅಪ್ಪನಿಗೆ ಆಂಜಿಯೋಗ್ರಾಂ ಬರೆದಿದ್ದಾರೆ, ಮಾಡಿಸಿದವರು ಸ್ವಲ್ಪ ಹೇಳಿ

ತೀರ್ಥಹಳ್ಳಿಯಿಂದ:
ಅಪ್ಪನಿಗೆ 63 ವರ್ಷ, ಶುಗರ್ ಇದೆ. ಎರಡು ತಿಂಗಳಿಂದ ತೋಟದ ಏರು ಹತ್ತುವಾಗ ಎದೆ ಬಿಗಿಯುತ್ತದೆ, ನಿಂತರೆ ಸರಿಹೋಗುತ್ತದೆ. ಇಸಿಜಿ, ಎಕೋ ಎರಡೂ ನಾರ್ಮಲ್. ಟಿಎಂಟಿ (ಓಡುವ ಪಟ್ಟಿಯ ಮೇಲೆ ನಡೆಸುತ್ತಾ ಇಸಿಜಿ ನೋಡುವುದು) ಮಾತ್ರ ಪಾಸಿಟಿವ್ ಬಂತು, ಅಂದರೆ ತೊಂದರೆ ಇರಬಹುದು ಅಂತ. ಶಿವಮೊಗ್ಗದಲ್ಲಿ ಆಂಜಿಯೋಗ್ರಾಂ ಮಾಡಿಸಿ ಅಂದಿದ್ದಾರೆ. ಇಸಿಜಿ ಚೆನ್ನಾಗಿದ್ದರೂ ಇದು ಬೇಕಾ? ಅಪ್ಪ ಹೆದರಿ ಸರಿಯಾಗಿ ಊಟವನ್ನೂ ಮಾಡುತ್ತಿಲ್ಲ.

ಮೈಸೂರಿನಿಂದ:
ನಮ್ಮ ಅಮ್ಮನಿಗೂ ಇಸಿಜಿ ನಾರ್ಮಲ್ಲೇ ಇತ್ತು. ಸುಮ್ನೆ ಮಲಗಿದಾಗ ಹೃದಯಕ್ಕೆ ಜಾಸ್ತಿ ರಕ್ತ ಬೇಕಾಗುವುದಿಲ್ಲ, ಅರ್ಧ ಕಟ್ಟಿದ ರಕ್ತನಾಳದಲ್ಲೂ ಸಾಕಾಗುತ್ತದೆ. ಟಿಎಂಟಿಯಲ್ಲಿ ಮೂರು ಮೂರು ನಿಮಿಷಕ್ಕೆ ವೇಗ, ಏರು ಎರಡನ್ನೂ ಜಾಸ್ತಿ ಮಾಡುತ್ತಾರಲ್ಲ, ಕೊರತೆ ಆಗ ಗೊತ್ತಾಗುತ್ತದೆ. ನಿಮ್ಮಪ್ಪನಿಗೆ ತೋಟದ ಏರಿನಲ್ಲಿ ಆಗುತ್ತಿರುವುದೂ ಅದೇ. ಅದಕ್ಕೇ ಮುಂದೆ ಹಾಕಬೇಡಿ.

ಆ ದಿನ ಏನೇನಾಯಿತು ಹೇಳುತ್ತೇನೆ, ಅಪ್ಪನಿಗೆ ಓದಿ ಹೇಳಿ. ಬೆಳಿಗ್ಗೆಯಿಂದ ಏನೂ ತಿನ್ನಿಸಿರಲಿಲ್ಲ. ಬಲಗೈ ಬಳೆ ತೆಗೆಯಬೇಕು ಅಂದರು. ಅಮ್ಮನ ಹಸಿರು ಗಾಜಿನ ಬಳೆ ಮುಂಗೈಯಲ್ಲಿ ಸಿಕ್ಕಿಕೊಂಡಿತ್ತು. ಸಿಸ್ಟರ್ ಸೋಪಿನ ನೀರು ಹಚ್ಚಿ, ಒಂದೂ ಒಡೆಯದ ಹಾಗೆ ತೆಗೆದು ನನ್ನ ಕೈಗೆ ಕೊಟ್ಟರು. ಎಡಗೈಯದು ಹಾಗೇ ಇತ್ತು, ಅಮ್ಮನಿಗೆ ಅದೇ ಧೈರ್ಯ. ಮಣಿಕಟ್ಟಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಾಗ ಚುರುಕ್ ಅಂದಿತಂತೆ, ಆಮೇಲೆ ನೋವಿಲ್ಲ. ಎಚ್ಚರವಾಗೇ ಇದ್ದರು. ಮಣಿಕಟ್ಟಿನ ರಕ್ತನಾಳದಿಂದ ಹೃದಯದವರೆಗೆ ಸಣ್ಣ ನಳಿಕೆ ತೂರಿಸಿ, ಎಕ್ಸ್‌ರೇಯಲ್ಲಿ ನಾಳ ಕಾಣಲಿ ಅಂತ ಡೈ ಬಿಡುತ್ತಾರೆ. ಅದನ್ನು ಬಿಟ್ಟಾಗ ಮೈಯೆಲ್ಲ ಬಿಸಿಯಾದ ಹಾಗಾಯಿತಂತೆ. ಅರ್ಧ ಗಂಟೆಯೊಳಗೆ ಮುಗಿಯಿತು. ಗಾಳಿ ತುಂಬಿದ ಪಟ್ಟಿಯೊಂದನ್ನು ಮಣಿಕಟ್ಟಿಗೆ ಕಟ್ಟಿ, ಸ್ವಲ್ಪ ಸ್ವಲ್ಪವೇ ಗಾಳಿ ಬಿಡುತ್ತಾ ಬಂದರು. ತೊಡೆಯಿಂದ ಮಾಡಿದರೆ ಕಾಲು ಮಡಚದೆ ಕೆಲವು ಗಂಟೆ ಮಲಗಬೇಕು.

ಒಂದು ವಿಷಯ ನನಗೆ ಇವತ್ತಿಗೂ ನೋವು ಕೊಡುತ್ತದೆ. ಅಮ್ಮ ಒಳಗೆ ಟೇಬಲ್ ಮೇಲಿರುವಾಗಲೇ ಒಬ್ಬರು ಹೊರಗೆ ಬಂದು, "ಬ್ಲಾಕ್ ಇದೆ, ಸ್ಟೆಂಟ್ ಹಾಕಬೇಕು, ಸೈನ್ ಮಾಡಿ" ಅಂದರು. ಸ್ಟೆಂಟ್ ಅಂದರೆ ನಾಳ ತೆರೆದೇ ಇರಲಿ ಅಂತ ಒಳಗೆ ಕೂರಿಸುವ ಸಣ್ಣ ಜಾಲರಿ ಕೊಳವೆ. ಯೋಚಿಸಲು ಐದು ನಿಮಿಷವೂ ಸಿಗಲಿಲ್ಲ. ಆಂಜಿಯೋಗ್ರಾಂ ಅಂದರೆ ನೋಡುವ ಪರೀಕ್ಷೆ, ಸ್ಟೆಂಟ್ ಹಾಕುವುದು ಬೇರೆ ತೀರ್ಮಾನ ಅಂತ ನನಗೆ ಮೊದಲೇ ಗೊತ್ತಿದ್ದರೆ ಹಿಂದಿನ ದಿನವೇ ಡಾಕ್ಟರ ಹತ್ತಿರ ಮಾತಾಡಿರುತ್ತಿದ್ದೆ. ನೀವು ಮಾತಾಡಿ. ಬ್ಲಾಕ್ ಸಿಕ್ಕರೆ ಆಗಲೇ ಹಾಕುತ್ತೀರಾ, ಆಂಜಿಯೋಗ್ರಾಂನ ಸಿಡಿ ಕೊಟ್ಟು ಕಳಿಸುತ್ತೀರಾ ಅಂತ ಕೇಳಿ.

ಕ್ಯಾಥ್‌ಲ್ಯಾಬ್ ಸ್ಟಾಫ್ ನರ್ಸ್, ಮಂಗಳೂರು:
ಆಂಜಿಯೋಗ್ರಾಂ ಮಾಡುವ ಕೋಣೆಯಲ್ಲೇ (ಕ್ಯಾಥ್‌ಲ್ಯಾಬ್) ನನ್ನ ಕೆಲಸ. ಮೇಲಿನ ಅಕ್ಕ ಹೇಳಿದ್ದು ಸರಿ. ಆದರೆ ಹಾರ್ಟ್ ಅಟ್ಯಾಕ್ ಆಗುತ್ತಿರುವಾಗ ಈ ಲೆಕ್ಕ ಬೇಡ. ಆಗ ನಾಳ ಬೇಗ ತೆರೆದಷ್ಟೂ ಹೃದಯದ ಸ್ನಾಯು ಉಳಿಯುತ್ತದೆ. ನಿಮ್ಮಪ್ಪನ ಹಾಗೆ ನಡೆದಾಗ ಮಾತ್ರ ನೋವು ಬರುವವರ ವಿಷಯ ಬೇರೆ. 2019ರಲ್ಲಿ ಬಂದ ಇಸ್ಕೀಮಿಯಾ ಅನ್ನುವ ದೊಡ್ಡ ಅಧ್ಯಯನದಲ್ಲಿ, ಇಂಥವರಿಗೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ್ದರಿಂದ ಸಾವು ಕಡಿಮೆಯಾಗಲಿಲ್ಲ, ಎದೆನೋವು ಕಡಿಮೆಯಾಯಿತು. ಎಡಗಡೆಯ ಮುಖ್ಯ ನಾಳದಲ್ಲೇ ದೊಡ್ಡ ಬ್ಲಾಕ್ ಇದ್ದವರು ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಯಾವ ನಾಳ, ಎಷ್ಟು ಪರ್ಸೆಂಟ್ ಅಂತ ಕೇಳಲೇಬೇಕು.

ಶುಗರ್ ಇದೆ ಅಂದಿರಿ. ಡೈ ಕಿಡ್ನಿಯಿಂದ ಹೊರಗೆ ಹೋಗಬೇಕು, ಅದಕ್ಕೆ ಮೊದಲು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ) ನೋಡುತ್ತಾರೆ. ಎಲ್ಲಾ ಮಾತ್ರೆಗಳ ಚೀಟಿ ತನ್ನಿ. ಮೆಟ್‌ಫಾರ್ಮಿನ್, ಇನ್ಸುಲಿನ್, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ತಪ್ಪದೆ ಹೇಳಿ. ಯಾವುದನ್ನು ನಿಲ್ಲಿಸಬೇಕು ಅಂತ ಡಾಕ್ಟರೇ ಹೇಳಲಿ, ನೀವೇ ನಿಲ್ಲಿಸಬೇಡಿ. ಅಲ್ಲಿಯವರೆಗೆ ಸುಮ್ನೆ ಕುಳಿತಾಗಲೂ ಎದೆ ಬಿಗಿದರೆ, ಬೆವರಿದರೆ ಅಪಾಯಿಂಟ್‌ಮೆಂಟಿಗೆ ಕಾಯದೆ 108ಕ್ಕೆ ಫೋನ್ ಮಾಡಿ.

ಹಾಸನದಿಂದ:
ಬಿಪಿಎಲ್ ಕಾರ್ಡ್ ಇದ್ದರೆ ಆಧಾರ್ ಜೊತೆ ತಗೊಂಡು ಹೋಗಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಆಗುತ್ತದಾ ಅಂತ ಮೊದಲೇ ವಿಚಾರಿಸಿ. ಸ್ಟೆಂಟಿಗೆ 2017ರಿಂದ ಸರ್ಕಾರವೇ ಗರಿಷ್ಠ ಬೆಲೆ ಕಟ್ಟಿದೆ, ಬಿಲ್ಲಿನಲ್ಲಿ ಅದನ್ನು ಬೇರೆಯಾಗಿ ತೋರಿಸಬೇಕು. ನನಗೆ ಸ್ಟೆಂಟ್ ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದ ಹಾಗೆ ಆಮೇಲೆ ಕೊಟ್ಟ ಎರಡು ಮಾತ್ರೆ ಒಂದು ದಿನವೂ ತಪ್ಪಿಸಬಾರದು. ಹಲ್ಲು ಕೀಳಿಸುವಾಗಲೂ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ತೀರ್ಥಹಳ್ಳಿಯಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಎಲ್ಲಾ ಓದಿ ಹೇಳಿದೆ. ಸೋಮವಾರ ಹೊರಡುತ್ತೇವೆ. ಬಲಗೈ ಉಂಗುರ ಎಷ್ಟೋ ವರ್ಷದಿಂದ ತೆಗೆದಿಲ್ಲ, ಅದನ್ನೂ ತೆಗೆಯಬೇಕಾ ಅಂತ ಕೇಳುತ್ತಿದ್ದಾರೆ.

ಕ್ಯಾಥ್‌ಲ್ಯಾಬ್ ಸ್ಟಾಫ್ ನರ್ಸ್, ಮಂಗಳೂರು:
ಹೌದು, ಮನೆಯಲ್ಲೇ ತೆಗೆಸಿ. ಕೊಬ್ಬರಿ ಎಣ್ಣೆ ಹಚ್ಚಿ, ಕೈಯನ್ನು ಸ್ವಲ್ಪ ಹೊತ್ತು ಮೇಲೆತ್ತಿ ಹಿಡಿದು ಮೆಲ್ಲಗೆ ತಿರುಗಿಸಲಿ.