‘ಡೊಂಜೊನ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಐರ್ಲೆಂಡಿನ ಟ್ರಿಮ್ ಕೋಟೆಯ ಕುರಿತು ಬರೆಯುತ್ತಿರುವಾಗ, ಕೋಟೆಯೊಳಗಿನ ಒಡೆಯನ ಮುಖ್ಯ ಕಟ್ಟಡವನ್ನು ಹೇಳುವ ‘ಡೊಂಜೊನ್’ ಎಂಬ ಪದಕ್ಕೆ ತಡೆದು ನಿಂತಿದ್ದೇನೆ. ಬಲ್ಲವರು ನೆರವಾಗಬೇಕೆಂದು ಕೋರುತ್ತೇನೆ.

ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿ 1172ರಲ್ಲಿ ಮೀಥ್ ಸೀಮೆಯನ್ನು ನಾರ್ಮನ್ ಸರದಾರ ಹ್ಯೂ ಡಿ ಲೇಸಿಗೆ ಕೊಟ್ಟನು. ಲೇಸಿ ಬಾಯ್ನ್ ನದಿಯ ದಡದಲ್ಲಿ ಮೊದಲು ಹಾಕಿಸಿದ್ದು ಮಣ್ಣಿನ ಏರಿ, ಮರದ ಬೇಲಿ. ಐರಿಷ್ ದೊರೆ ರೋರಿ ಓ’ಕಾನರ್ ದಂಡೆತ್ತಿ ಬಂದಾಗ ಅದು ಸುಟ್ಟುಹೋಯಿತು. ಅನಂತರ ಕಲ್ಲಿನ ಕೆಲಸ ಆರಂಭವಾಯಿತು. ಡರೋ ಎಂಬಲ್ಲಿ ಇನ್ನೊಂದು ಕೋಟೆಯ ಕೆಲಸ ನೋಡುತ್ತಿದ್ದ ಲೇಸಿ 1186ರಲ್ಲಿ ಕೊಡಲಿಯೇಟಿಗೆ ಸತ್ತ ಮೇಲೆ, ಟ್ರಿಮ್ ಕೋಟೆಯನ್ನು ಪೂರ್ತಿ ಮಾಡಿಸಿದವನು ಅವನ ಮಗ ವಾಲ್ಟರ್.

ನನ್ನ ತೊಡಕಿರುವುದು ಅಂಗಳದ ನಡುವೆ ಎದ್ದಿರುವ ಕಲ್ಲಿನ ಕಟ್ಟಡದಲ್ಲಿ. ಚೌಕದ ನಾಲ್ಕು ಮಗ್ಗುಲಿಗೂ ಒಂದೊಂದು ಚಿಕ್ಕ ಗೋಪುರವನ್ನು ಸೇರಿಸಿ ಕಟ್ಟಿದ್ದರಿಂದ ಅದಕ್ಕೆ 20 ಮುಖಗಳಿದ್ದವು. ಉತ್ತರದ ಗೋಪುರ ಈಗ ಉಳಿದಿಲ್ಲ. ಬಾಗಿಲು ನೆಲಮಟ್ಟದಲ್ಲಿರದೆ ಮೊದಲ ಮಹಡಿಯಲ್ಲಿದೆ, ಅದರ ಮೇಲೆ ಪ್ರಾರ್ಥನಾಮಂದಿರವಿದೆ. ಒಡೆಯನ ವಾಸ, ಓಲಗ, ಮುತ್ತಿಗೆಯಲ್ಲಿ ಕಡೆಯ ಆಸರೆ ಎಲ್ಲವೂ ಈ ಒಂದೇ ಕಟ್ಟಡ.

ಇಂಗ್ಲಿಷಿನವರು ಇದನ್ನು ‘ಕೀಪ್’ ಎನ್ನುವುದು 16ನೆಯ ಶತಮಾನದಿಂದ ಈಚಿನ ರೂಢಿ. ಹಳೆಯ ಫ್ರೆಂಚ್ ಮಾತು ‘ಡೊಂಜೊನ್’. ಒಡೆಯ ಎಂಬ ಅರ್ಥದ ಲ್ಯಾಟಿನ್ನಿನ ‘ಡಾಮಿನುಸ್’ ಅದರ ಮೂಲ. ಅದೇ ಪದ ಇಂಗ್ಲಿಷಿನಲ್ಲಿ ‘ಡಂಜನ್’ ಆಗಿ ನೆಲಮಾಳಿಗೆಯ ಸೆರೆ ಎಂಬ ಅರ್ಥಕ್ಕೆ ಇಳಿಯಿತು. ಹಾಗಾಗಿ ‘ಡೊಂಜೊನ್’ ಎಂದೇ ಉಳಿಸಿಕೊಂಡರೆ ಓದುಗರು ಸೆರೆಮನೆಯೆಂದು ತಿಳಿದಾರೆಂಬ ಅಳುಕು ನನಗಿದೆ.

‘ಗೋಪುರ’ ಎಂದರೆ ದೇವಸ್ಥಾನವೇ ಕಣ್ಣಮುಂದೆ ಬರುತ್ತದೆ. ‘ಕೊತ್ತಲ’, ‘ಬುರುಜು’ ಎರಡೂ ಕೋಟೆಗೋಡೆಗೆ ಹೊಂದಿಕೊಂಡವು. ಅಲ್ಲಿ ಕಾವಲುಗಾರರು ನಿಲ್ಲುತ್ತಾರೆಯೇ ಹೊರತು ಒಡೆಯ ಸಂಸಾರ ಹೂಡುವುದಿಲ್ಲ. ದೇಸಾಯರ ‘ವಾಡೆ’ ಭಾವಕ್ಕೆ ಬಹಳ ಹತ್ತಿರ ಬರುತ್ತದೆ, ಆದರೆ ಅದು ಅಂಗಳ, ಹೆಬ್ಬಾಗಿಲು ಸಹಿತ ಇಡೀ ಆವರಣವನ್ನು ಹೇಳುವುದರಿಂದ ‘ಕ್ಯಾಸಲ್’ ಎಂಬುದಕ್ಕೇ ಹೆಚ್ಚು ಒಪ್ಪೀತು. ಊರಲ್ಲಿ ಒಂಟಿಯಾಗಿ ನಿಲ್ಲುವ ಉತ್ತರ ಕರ್ನಾಟಕದ ಕಾವಲು ಕಟ್ಟಡ ‘ಹುಡೇವು’ ಆಕಾರದಲ್ಲಿ ಹೋಲುತ್ತದೆ, ಆದರೆ ನಾನು ತಿಳಿದಂತೆ ಅದು ವಾಸಕ್ಕಲ್ಲ.

ಸದ್ಯಕ್ಕೆ ‘ಒಡೆಯನ ಹುಡೇವು’ ಎಂದು ಬರೆದುಕೊಂಡಿದ್ದೇನೆ. ಮೂಲದ ಅರ್ಥವೂ ಕಟ್ಟಡದ ರೂಪವೂ ಅದರಲ್ಲಿ ಉಳಿಯುತ್ತವೆಂದು ನನ್ನ ಎಣಿಕೆ. ವಿಜಯಪುರ, ರಾಯಚೂರು ಕಡೆಯವರು ದಯವಿಟ್ಟು ತಿಳಿಸಿ: ಹುಡೇವಿನೊಳಗೆ ಮನೆತನದವರು ವಾಸವಿದ್ದರೆಂದು ನಿಮ್ಮಲ್ಲಿ ಹೇಳುವುದುಂಟೇ? ಅಂಥ ಕಟ್ಟಡಕ್ಕೆ ಬೇರೆ ಹೆಸರಿದೆಯೇ?