ಮಂಜು, ಟೋಕನ್ ಕೊಡೋ ಮುಂಚೆ ಇದನ್ನ ಕೇಳು

ಮಂಜು, ನಿನ್ನ ಮೆಸೇಜ್ ನೋಡಿದೆ ಕಣಪ್ಪ. ಭಾನುವಾರದೊಳಗೆ ಟೋಕನ್ ಅಡ್ವಾನ್ಸ್ ಕೊಡದಿದ್ರೆ ನೀನು ಕೊಳ್ಳೋಕೆ ನೋಡಿರೋ ಫ್ಲ್ಯಾಟ್ ಬೇರೆಯವರ ಪಾಲಾಗುತ್ತೆ ಅಂತಿದಾರೆ, ಕೊಡ್ಲಾ ಬೇಡ್ವಾ ಅಂತ ಕೇಳಿದೀಯ. ಕೊಡು ಅಂತಾನೂ ಹೇಳಲ್ಲ, ಬಿಡು ಅಂತಾನೂ ಹೇಳಲ್ಲ. ಈಗ ಅದಕ್ಕೆ ಮೂಗು ತಾಗಿಸಿಕೊಂಡು ನಿಂತಿದೀಯ, ಸ್ವಲ್ಪ ಹಿಂದೆ ಸರಿ. ಹೇಗೆ ಅಂತ ಹೇಳ್ತೀನಿ, ವಾಯ್ಸ್ ಉದ್ದ ಆಗುತ್ತೆ, ಒಲೆ ಮೇಲೆ ಹಾಲಿಟ್ಟಿರೋರು ಆಮೇಲೆ ಕೇಳಿ.

ಇವತ್ತು ರಾತ್ರಿ ಬೇಡ. ನಾಳೆ ಕಾಫಿ ಆದ್ಮೇಲೆ ಒಂದು ಹಾಳೆ ತಗೊಂಡು ಹದಿನೈದು ನಿಮಿಷ ಬರಿ. 'ನಾನು' ಅನ್ನೋ ಪದ ಬರಬಾರದು. 'ಮಂಜುಗೆ ಈ ಮನೆ ಯಾಕೆ ಬೇಕು? ಮಂಜುಗೆ ಯಾವುದರ ಭಯ?' ಹುಚ್ಚಾಟ ಅನ್ಸುತ್ತೆ, ಅನ್ಸಲಿ. ಗ್ರಾಸ್‌ಮನ್, ಕ್ರಾಸ್ ಅನ್ನೋ ಮನಶ್ಶಾಸ್ತ್ರಜ್ಞರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಸಂಗಾತಿ ಮೋಸ ಮಾಡಿದ್ರೆ ಏನ್ ಮಾಡೋದು ಅಂತ ಜನರಿಗೆ ಯೋಚಿಸೋಕೆ ಹೇಳಿದ್ರು, ಕೆಲವರಿಗೆ ತಮ್ಮದೇ ಕಥೆ ಅಂತ, ಕೆಲವರಿಗೆ ಸ್ನೇಹಿತರದ್ದು ಅಂತ. ಸ್ನೇಹಿತರ ವಿಷಯ ಅಂದಾಗ ಜನ ಹೆಚ್ಚು ವಿವೇಕದಿಂದ ಯೋಚಿಸಿದ್ರು, ತಮಗೆ ಎಲ್ಲಾ ಗೊತ್ತಿಲ್ಲ ಅಂತ ಒಪ್ಪಿಕೊಂಡ್ರು. ಸ್ವಂತದ್ದನ್ನೂ ಹೊರಗಿನವರ ಥರ ನೋಡಿ ಅಂದ್ರೆ ಆ ಅಂತರವೇ ಉಳೀಲಿಲ್ಲ. ಊರಿಗೆಲ್ಲ ನ್ಯಾಯ ಹೇಳಿ ತನ್ನ ಬದುಕಲ್ಲಿ ಎಡವಿದ ಬೈಬಲ್‌ನ ಸಾಲೊಮನ್ ದೊರೆಯ ಹೆಸರನ್ನೇ ಇದಕ್ಕೆ ಇಟ್ಟಿದಾರೆ.

ಒಂದು ಎಚ್ಚರ. 'ಮಾವ ಏನಂತಾರೆ, ಆಫೀಸಲ್ಲಿ ಏನಂತಾರೆ' ಅಂತ ಬರೆಯೋಕೆ ಶುರು ಮಾಡಿದ್ರೆ ಅಲ್ಲೇ ನಿಲ್ಲಿಸು. ಅದು ದೂರದಿಂದ ನೋಡೋದಲ್ಲ, ಮರ್ಯಾದೆ ಭಯ. ಎಲ್ಲರೂ ಜಾರೋದು ಇಲ್ಲೇ.

ಆಮೇಲೆ 2035ಕ್ಕೆ ಹೋಗು. ಆ ಮಂಜುಗೆ ಈ ಭಾನುವಾರದ ಗಡುವು ನೆನಪಿರುತ್ತಾ?

ಆದ್ರೆ ಅಲ್ಲೇ ಕೂತ್ಕೋಬೇಡ, ದೂರದ ಬೆಟ್ಟ ನುಣ್ಣಗೆ. ಲಿಬರ್‌ಮನ್, ಟ್ರೋಪ್ ಅನ್ನೋ ಮನಶ್ಶಾಸ್ತ್ರಜ್ಞರು 1998ರಲ್ಲೇ ತೋರಿಸಿದ್ದು ಇದೇ: ದೂರದ ದಿನಕ್ಕೆ ನಿರ್ಧಾರ ಮಾಡುವಾಗ 'ಎಷ್ಟು ಚೆನ್ನಾಗಿದೆ' ಅನ್ನೋದು ತೂಗುತ್ತೆ, ಹತ್ತಿರದ್ದಕ್ಕೆ 'ಆಗುತ್ತಾ' ಅನ್ನೋದು. ಹಾಗಾಗಿ ಬೇಕಾ ಬೇಡ್ವಾ ಅಂತ ದೂರ ನಿಂತು ನೋಡು, ಆಗುತ್ತಾ ಅಂತ ಹತ್ತಿರ ಬಂದು ನೋಡು. ಮುಂದಿನ ತಿಂಗಳು 5ನೇ ತಾರೀಕಿಗೇ ಕಂತು ಕಟ್ ಆಗುತ್ತೆ ಅಂದ್ಕೋ. 50 ಲಕ್ಷ ಸಾಲ, ಬಡ್ಡಿ ಶೇ 8.5, 20 ವರ್ಷ ಅಂದ್ರೆ ಇಎಂಐ 43,391 ರೂಪಾಯಿ. ಅವಧಿ ಅಷ್ಟೇ ಇದ್ದು ಬಡ್ಡಿ ಶೇ 9.5 ಆದ್ರೆ 46,607. ಈಗಿನ ಬಾಡಿಗೆ ಕೊಡ್ತಾನೇ ಮೂರು ತಿಂಗಳು ಅಷ್ಟು ದುಡ್ಡು ಎತ್ತಿಟ್ಟು ನೋಡು, ಎಲ್ಲಿ ಬಿಗಿಯುತ್ತೆ ಗೊತ್ತಾಗುತ್ತೆ.

ಕಾಗದಪತ್ರಕ್ಕೆ ಮಾತ್ರ ಈ ಯಾವ ಯೋಚನೆಯೂ ಬದಲಿ ಅಲ್ಲ. ಆಸ್ತಿ ಮೇಲೆ ಸಾಲ ಇದೆಯಾ ಅಂತ ತೋರಿಸೋ ಇಸಿ, ಖಾತೆ, ರಿಯಲ್ ಎಸ್ಟೇಟ್ ಪ್ರಾಧಿಕಾರದ ರೇರಾ ನಂಬರ್ ನೋಡು. ಅಗ್ರಿಮೆಂಟ್ ನೋಂದಣಿ ಆಗೋ ಮುಂಚೆ ಬಿಲ್ಡರ್ ಬೆಲೆಯ ಶೇ 10ಕ್ಕಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ ಅಂತ ರೇರಾ ಕಾಯ್ದೆಯಲ್ಲೇ ಇದೆ. ನೀನು ಹಿಂದೆ ಸರಿದ್ರೆ ಟೋಕನ್ ವಾಪಸ್ ಬರುತ್ತಾ ಅಂತ ಬರೆದು ಕೊಡೋಕೆ ಹೇಳು. ಏನಂತಾರೋ ಗ್ರೂಪಲ್ಲಿ ಹಾಕು.